ಐದೂವರೆ ಬಸ್ಸಿಗೆ ಜೋಡಿ ಇಲ್ಲ

ಹನುಮಸಾಗರದಿಂದ ಒಳಕ್ಕೆ, ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರು ನಡೆದು ಹೋಗಬೇಕಾದ ಊರು ಅದು. ಬಸ್ಸು ಊರೊಳಗೆ ಬರುವುದಿಲ್ಲ, ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿನ ತನಕ ಎರಡೂ ಕಡೆ ಹೊಲ, ನಡುವೆ ಒಂದು ಹಳ್ಳ. ದಾರಿಯಲ್ಲಿ ಒಂದು ಮನೆಯೂ ಇಲ್ಲ. ಹಾಗಾಗಿ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವುದಕ್ಕೆ ಆ ಊರಲ್ಲಿ ಒಂದು ಪದ್ಧತಿ ಬೆಳೆದು ಬಂದಿದೆ. ಒಬ್ಬಳನ್ನೇ ಕಳಿಸುವುದಿಲ್ಲ. ಆ ವರ್ಷ ಹತ್ತನೇತಿ ಪಾಸಾದ ಹುಡುಗಿಯರೆಲ್ಲ ಒಂದು ಜೋಡಿ, ಅಂದರೆ ಒಬ್ಬರಿಗೊಬ್ಬರು ದಾರಿಯ ಜೊತೆ. ಒಂದೇ ಬಸ್ಸಿಗೆ ಹೋಗಬೇಕು, ಒಂದೇ ಬಸ್ಸಿಗೆ ಬರಬೇಕು. ಒಂದೇ ಬಸ್ಸಿಗೆ ಬರಬೇಕೆಂದರೆ ಎಲ್ಲರಿಗೂ ಒಂದೇ ಹೊತ್ತಿಗೆ ಕ್ಲಾಸು ಬಿಡಬೇಕು. ಹಾಗೆ ಬಿಡಬೇಕೆಂದರೆ ಎಲ್ಲರೂ ಒಂದೇ ವಿಷಯ ತೆಗೆದುಕೊಳ್ಳಬೇಕು.

ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಹೊಳಿಯಮ್ಮನಿಗೂ ಅನಿಸಿರಲಿಲ್ಲ.

ಹೊಳಿಯಮ್ಮ ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹೇಮಪ್ಪ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಇರುವುದು ಇಬ್ಬರೇ, ಆಕೆ ಮತ್ತು ಮಗಳು ಸುಕನ್ಯಾ. ಈ ವರ್ಷ ಸುಕನ್ಯಾ ಹತ್ತನೇತಿ ಮುಗಿಸಿದಳು. ಗಣಿತಕ್ಕೆ ತೊಂಬತ್ತೆಂಟು, ವಿಜ್ಞಾನಕ್ಕೆ ತೊಂಬತ್ತೈದು ಬಂದಿದ್ದವು. ಹೊಳಿಯಮ್ಮನಿಗೆ ಅದಕ್ಕಿಂತ ಸಮಾಧಾನವಾಗಿದ್ದು ಬೇರೊಂದಕ್ಕೆ. ಪಕ್ಕದ ಮನೆಯ ಹುಲಗಮ್ಮನ ಮಗಳು ಸುಮಂಗಲಾ ಮತ್ತು ಇನ್ನೂ ಮೂವರು ಅವಳ ಜೊತೆ ಹನುಮಸಾಗರದ ಕಾಲೇಜಿಗೆ ಹೊರಟಿದ್ದರು. ಮಗಳೂ ಸೇರಿ ಐದು ಜನರ ಜೋಡಿ.

ಐದೂ ಜನ ಆರ್ಟ್ಸ್ ಬರೆಸಿದರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಆ ಕಾಲೇಜಿನಲ್ಲಿ ಆರ್ಟ್ಸಿನ ಪಾಠ ಒಂದು ಗಂಟೆಗೆ ಮುಗಿಯುತ್ತದೆ, ಒಂದೂವರೆಗೆ ಬಸ್ಸಿದೆ. ಸೈನ್ಸಿನವರಿಗೆ ಮಧ್ಯಾಹ್ನ ಪ್ರಯೋಗ ಇರುತ್ತವೆ. ಬಿಡುವುದೇ ನಾಲ್ಕೂವರೆಗೆ. ಅವರಿಗೆ ಸಿಗುವುದು ಐದೂವರೆ ಬಸ್ಸು. ಅದು ಕ್ರಾಸಿಗೆ ಬರುವಾಗ ಆರು ಗಂಟೆ ದಾಟಿರುತ್ತದೆ.

"ಎಲ್ಲಾರೂ ಯಾವುದು ತಗೊಂತಾರೋ ಅದನ್ನ ತಗೋ. ಜೋಡಿ ಬಿಡಬ್ಯಾಡ," ಎಂದಿದ್ದಳು ಹೊಳಿಯಮ್ಮ. ಸುಕನ್ಯಾ "ಹೂಂ" ಎಂದಿದ್ದಳು.

ಎಂಟು ದಿನ ಕಳೆಯಿತು. ಒಂದು ಮಧ್ಯಾಹ್ನ ಶಾಲೆಯ ಪಾತ್ರೆ ತೊಳೆದು ನೀರು ಚೆಲ್ಲಲು ಹೊರಗೆ ಬಂದಾಗ ಹೊಳಿಯಮ್ಮನಿಗೆ ದೂರದಲ್ಲಿ ಹುಡುಗಿಯರು ಬರುವುದು ಕಾಣಿಸಿತು. ನಾಲ್ವರು ಮುಂದೆ, ಕೈ ಕೈ ಹಿಡಿದುಕೊಂಡು, ಏನೋ ಹೇಳಿ ನಗುತ್ತ. ಇಪ್ಪತ್ತು ಹೆಜ್ಜೆ ಹಿಂದೆ ಸುಕನ್ಯಾ. ಆಕೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ನೋಡುತ್ತ ಬರುತ್ತಿದ್ದಳು.

ಆ ಫ್ಯಾನುಗಳು ಬಂದು ಕೆಲವು ವರ್ಷವಾಗಿತ್ತು. ಕರೆಂಟು ಮಾಡುವ ದೊಡ್ಡ ದೊಡ್ಡ ಫ್ಯಾನು. ಸುಕನ್ಯಾ ಎಂಟನೇತಿಯಲ್ಲಿದ್ದಾಗ ಅವನ್ನು ರಿಪೇರಿ ಮಾಡಲು ಬಂದ ಇಂಜಿನಿಯರು ಊರಲ್ಲಿ ನೀರು ಕೇಳಿದ್ದ. ತಂಬಿಗೆ ಕೊಡುತ್ತ ಈಕೆ ಕೇಳಿದ್ದಳು, "ಇದರೊಳಗ ಹತ್ತಿ ಹೋಗಾಕ ಏನು ಓದಬೇಕ್ರಿ?" ಆತ ನಕ್ಕು "ಇಂಜಿನಿಯರಿಂಗ್ ಓದಬೇಕವ್ವ" ಎಂದು ನೀರು ಕುಡಿದು ಹೋಗಿದ್ದ. ಅಂದಿನಿಂದ ಹುಡುಗಿ ಅದನ್ನೇ ಹಿಡಿದು ಕೂತಿದ್ದಳು.

ಆ ಸಂಜೆ ಹೊಳಿಯಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. "ಯಾಕ ತಂಗಿ, ಅವರ ಜೋಡಿ ಜಗಳ ಆಡಿಯೇನು?"

"ಇಲ್ಲವ್ವ."

"ಮತ್ತ ಹಿಂದ ಹಿಂದ ಬರ್ತಿದ್ದಿ?"

"ಅವರು ಪಾಠದ ಸುದ್ದಿ ಮಾತಾಡ್ತಾರ. ನನಗ ಅದರಾಗ ಮನಸಿಲ್ಲ. ಸುಮ್ನ ನಕ್ಕಂಗ ಮಾಡಿ ಮಾಡಿ ಬಾಯಿ ನೋಯ್ತೈತಿ."

ಅಷ್ಟು ಹೇಳಿ ಸುಕನ್ಯಾ ಎದ್ದು ಹೋದಳು. ಮಗಳು ಐದು ಜನರ ನಡುವೆ ಇದ್ದೂ ಒಬ್ಬಳೇ ಇದ್ದಾಳೆ ಎಂಬುದು ಹೊಳಿಯಮ್ಮನಿಗೆ ಆಗ ಹೊಳೆಯಿತು. ಆದರೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಭಾನುವಾರ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಆಕೆ ಹನುಮಸಾಗರಕ್ಕೆ ಹೋದಳು. ಅಲ್ಲಿ ಅವರ ಓಣಿಯ ಹುಡುಗ ಗೌತಮ ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ಮಂದಿಯ ಅರ್ಜಿ ತುಂಬಿಕೊಡುತ್ತಾನೆ. ಹೊಳಿಯಮ್ಮ ಕೊಟ್ಟ ಕಾಗದ ನೋಡಿ ಅವನ ಕೈ ನಿಂತಿತು.

"ಚಿಗವ್ವ, ಇದು ಸುಕನ್ಯಾಂದ ಹೌದಲ್ಲ? ಬ್ಯಾರೆ ಯಾರದರ ತಂದಿಯೇನು?"

"ನನಗ ಇನ್ನೊಬ್ಬಾಕಿ ಮಗಳದಾಳೇನು? ಅಕಿದ."

"ಗಣಿತದಾಗ ತೊಂಬತ್ತೆಂಟು ತಗೊಂಡಾಕಿಗೆ ಆರ್ಟ್ಸ್ ಯಾಕ ಬರಿಸಿದಿ? ಅಕಿ ಕೇಳಿದ್ಲೇನು?"

"ಅಕಿ ಏನ್ ಕೇಳ್ತಾಳ? ಜೋಡಿ ಇರೋ ನಾಕೂ ಹುಡುಗ್ಯಾರು ಅದನ್ನ ತಗೊಂಡಾವು."

"ಮುಂದ ಏನಾಗ್ತೀನಿ ಅಂತಾಳ?"

"ಆ ಗಾಳಿ ಫ್ಯಾನಿನ ಇಂಜಿನಿಯರ್ ಅಂತಾಳ. ಆಗ್ಲಿ, ಯಾರ್ ಬ್ಯಾಡಂತಾರ? ಮೊದಲ ಈ ಎರಡು ವರ್ಷ ಜೋಡಿ ಜೋಡಿ ಹೋಗಿ ಬರ್ಲಿ. ಆಮ್ಯಾಲ ಇಂಜಿನಿಯರಿಂಗ್ ಓದ್ಲಿ."

ಗೌತಮ ಹಿಂದೆ ಕಾಯುತ್ತಿದ್ದವರ ಕಡೆ ತಿರುಗಿ, "ಒಂದ್ ಹತ್ತು ನಿಮಿಷ ಕುಂದರ್ರಿ, ಮನಿ ಮಾತೈತಿ," ಎಂದ. ಆಮೇಲೆ ಸ್ಟೂಲು ಎಳೆದು ಹೊಳಿಯಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

"ಚಿಗವ್ವ, ಆಮ್ಯಾಲ ಅನ್ನೂದು ಇದರಾಗ ಇಲ್ಲ. ಇಲ್ನೋಡು. ಇಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕೋವಾಗ ಇಂಥಾ ಬಾಕ್ಸ್ ಬರ್ತಾವು. ಪಿಯುಸಿಯೊಳಗ ಫಿಸಿಕ್ಸ್ ಎಷ್ಟು, ಗಣಿತ ಎಷ್ಟು ಅಂತ ಕೇಳ್ತಾವು. ಖಾಲಿ ಬಿಟ್ರ ಅರ್ಜಿ ಮುಂದಕ್ಕ ಹೋಗಂಗಿಲ್ಲ. ಇತಿಹಾಸಕ್ಕ ನೂರಕ್ಕ ನೂರು ಬಂದಿದ್ರೂ ಹೋಗಂಗಿಲ್ಲ."

"ಹೋಗಂಗಿಲ್ಲ ಅಂದ್ರ? ಯಾರನ್ನರ ಹಿಡದು ಕೇಳಿದ್ರ?"

"ಕಂಪ್ಯೂಟರಿಗೆ ಯಾರನ್ನ ಹಿಡಿತಿ ಚಿಗವ್ವ? ಕಾಲು ಮುಗದ್ರೂ ಅದು ಬಾಕ್ಸ್ ತುಂಬು ಅಂತೈತಿ. ನನಗ ಗೊತ್ತೈತಿ, ನಾ ಒತ್ತಿ ಒತ್ತಿ ನೋಡೀನಿ."

ಹೊಳಿಯಮ್ಮ ಅವನ ಮುಖ ನೋಡಿದಳು. ಗೌತಮ ಪಿಯುಸಿಯಲ್ಲಿ ತೊಂಬತ್ನಾಲ್ಕು ಪರ್ಸೆಂಟ್ ತೆಗೆದಿದ್ದ. ಅವನ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದು ಆಕೆಗೆ ನೆನಪಿತ್ತು. ಇಷ್ಟು ಶಾಣ್ಯಾ ಹುಡುಗ ಝೆರಾಕ್ಸ್ ಅಂಗಡಿಯಲ್ಲಿ ಯಾಕಿದ್ದಾನೆ ಎಂದು ಯಾವತ್ತೂ ಕೇಳಿರಲಿಲ್ಲ.

"ನನಗೂ ಗಣಿತ ಛಲೋ ಇತ್ತು," ಎಂದ ಗೌತಮ. "ನಾವ್ ಹನ್ನೊಂದು ಹುಡುಗ್ರು ಕ್ರಿಕೆಟ್ ಟೀಮ್. ಟೀಮ್ ಒಡೀಬಾರ್ದು ಅಂತ ಎಲ್ಲಾರೂ ಆರ್ಟ್ಸ್ ಅಂತ ಒಂದ ಕ್ಲಾಸಿಗೆ ಹೋದ್ವಿ. ಈಗ ಆ ಟೀಮಿನಾಗ ಒಬ್ಬ ಗೋವಾದಾಗ ಅದಾನ, ಒಬ್ಬ ಗಂಗಾವತಿ ರೈಸ್ ಮಿಲ್ಲಿನ್ಯಾಗ ಅದಾನ. ವರ್ಷಕ್ಕ ಒಂದ್ ಸಲ ಫೋನ್ ಹಚ್ಚಿದ್ರ ದೊಡ್ಡದು. ನಾ ಇಲ್ಲಿ ಕುಂತು ಮಂದಿ ಮಕ್ಕಳ ಬಾಕ್ಸ್ ತುಂಬ್ತೀನಿ. ಕೆಲಸಕ್ಕ ಬ್ಯಾಸರ ಇಲ್ಲ ಚಿಗವ್ವ. ಆದ್ರ ಫಿಸಿಕ್ಸ್ ಅನ್ನೋ ಬಾಕ್ಸ್ ಬಂದಾಗೊಮ್ಮೆ ಒಂದ್ ಚೂರು ಕೈ ನಿಂದರ್ತೈತಿ."

"ಅಂದ್ರ ಆರ್ಟ್ಸ್ ಓದಿದ್ರ ದಂಡ ಅಂತಿಯೇನು?"

"ಹಂಗಂದ್ರ ನನ್ನ ನಾಲಿಗಿ ಬಿದ್ದುಹೋಗ್ಲಿ. ಸುಮಂಗಲಾ ಪಿಎಸ್ಐ ಆಗ್ತೀನಂತಾಳ, ಅಕಿಗೆ ಅದು ಬರೋಬ್ಬರಿ ಐತಿ. ಬೇಕಂತ ತಗೊಂಡಾಳ. ನಿನ್ನ ಮಗಳು ಬಸ್ಸಿನ ಸಲುವಾಗಿ ತಗೊಂಡಾಳ. ಛಲೋ ಕಾಲೇಜಿನ್ಯಾಗ ನೂರು ಸೀಟಿದ್ರ ಕೇಳೋರು ಸಾವಿರಾರು ಮಂದಿ ಇರ್ತಾರ. ಅವರು ಮೊದಲ ನೋಡೂದು ಹುಡುಗಿ ಏನು ಓದಿ ಬಂದಾಳ ಅಂತ. ಎಷ್ಟು ತಗೊಂಡಾಳ ಅನ್ನೂದು ಆಮ್ಯಾಲ. ಸಿಇಟಿ ಪರೀಕ್ಷಾದಾಗ ಕೇಳೂದೂ ಈ ಎರಡು ವರ್ಷದ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತನ. ನಮ್ಮ ಭಾಗದವರಿಗೆ 371ಜೆ ಸರ್ಟಿಫಿಕೇಟ್ ಐತಿ, ಸೀಟು ಮೀಸಲದಾವು. ಆದ್ರ ಆ ವಿಷಯ ಓದದಿದ್ರ ಸರ್ಟಿಫಿಕೇಟ್ ತಗೊಂಡು ಏನು ಮಾಡ್ತಿ?"

"ಈಗಂತೂ ಹೆಸರು ಹಚ್ಚಿ ಆತಲ್ಲಪ್ಪ."

"ಅಡ್ಮಿಷನ್ ಇನ್ನೂ ಮುಗಿದಿಲ್ಲ. ಮೊದಲ ಮೊದಲ ದಿನದಾಗ ಬದಲಿ ಮಾಡಿ ಕೊಡ್ತಾರ, ಪ್ರಿನ್ಸಿಪಾಲರು ಒಪ್ಪಬೇಕು. ತಡಿ, ಕೇಳ್ತೀನಿ." ಗೌತಮ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಶರಣಬಸವ ಸರ್ ಅವರಿಗೆ ಫೋನು ಹಚ್ಚಿದ. ಎರಡು ಮಾತಾಡಿ ಕೆಳಗಿಟ್ಟ. "ಬುಧವಾರ ಕಡೀ ದಿನ ಅಂತ. ನೀನ ಬರಬೇಕಂತ."

ಹೊಳಿಯಮ್ಮ ಬಸ್ಸಿನ ಕಿಟಕಿ ಪಕ್ಕ ಕೂತು ಊರಿಗೆ ಬಂದಳು. ಬಾಕ್ಸು, ಸೀಟು, ಸರ್ಟಿಫಿಕೇಟು ಎಲ್ಲ ತಲೆಯಲ್ಲಿ ಸುತ್ತುತ್ತಿದ್ದವು. ಆದರೆ ಕ್ರಾಸಿನಲ್ಲಿ ಇಳಿದು ಆ ಖಾಲಿ ದಾರಿ ನೋಡಿದಾಗ ಎಲ್ಲ ಹಿಂದೆ ಸರಿದು ಒಂದೇ ಮಾತು ಉಳಿಯಿತು. ಸಂಜೆ ಆರು ಗಂಟೆ, ಈ ಹಳ್ಳ, ಒಬ್ಬಳೇ ಹುಡುಗಿ. ಬೇಡ ಎಂದುಕೊಂಡಳು.

ಸೋಮವಾರ ಸಂಜೆ ನಳದ ಹತ್ತಿರ ಹುಲಗಮ್ಮ ಸಿಕ್ಕಳು. ಇಬ್ಬರೂ ಒಂದೇ ವಾರಿಗೆಯವರು. ಹುಲಗಮ್ಮ ಕೊಡ ಇಡುತ್ತಲೇ ಶುರು ಮಾಡಿದಳು.

"ಹೊಳಿ, ನಿನ್ನ ಮಗಳು ಸೈನ್ಸಿಗೆ ಹೋಗ್ತಾಳಂತಲ್ಲ?"

"ನನಗ ಇನ್ನೂ ಗೊತ್ತಿಲ್ಲ. ನಿನಗ ಯಾರು ಹೇಳಿದ್ರು?"

"ಗೌತಮನ ಅಂಗಡ್ಯಾಗ ಮಾತಾಡಿದ್ದು ಬಸ್ಸಿಗಿಂತ ಮೊದಲ ಊರಿಗೆ ಬರ್ತೈತಿ. ಯಾಕವ್ವ, ನಮ್ಮ ಹುಡುಗ್ಯಾರ ಜೋಡಿ ಸಾಲದಾತೇನು?"

"ಹಂಗಲ್ಲ ಹುಲಗಿ. ಅಕಿಗೆ ಗಣಿತ ಬರ್ತೈತಿ."

"ನಮ್ಮ ಸುಮಂಗಲಾಗ ಕುಣಿಯಾಕ ಬರ್ತೈತಿ, ಹಂಗಂತ ಕುಣಿಯಾಕ ಕಳಿಸ್ಲೇನು? ಕತ್ತಲಾಗ ಹಳ್ಳ ದಾಟಿ ಒಂದ ಹುಡುಗಿ ಬರೂದಂದ್ರ ಊರ ಮಂದಿ ಸುಮ್ನಿರ್ತಾರೇನು? ನಾಳೆ ಹೆಚ್ಚುಕಮ್ಮಿ ಆದ್ರ ಹುಲಗಿ ಹೇಳಿರಲಿಲ್ಲ ಅನಬ್ಯಾಡ. ಐದು ಕೂಸು ಕೂಡಿ ಹೊಂಟಾವು. ಒಂದನ್ನ ಯಾಕ ಮುರಿತಿ?"

ಕೊಡ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಮೂವತ್ತು ವರ್ಷ ಯಾರ ಮುಂದೆಯೂ ಆಡದ ಮಾತು ತಾನಾಗಿ ಹೊಳಿಯಮ್ಮನ ಬಾಯಿಗೆ ಬಂತು.

"ಹುಲಗಿ, ನಾವು ಏಳನೇತಿ ಪಾಸಾದ ವರ್ಷ ನೆನಪೈತೇನು?"

"ಯಾವಾಗಿಂದೋ ತಗೀತಿಯಲ್ಲ. ಏನದು?"

"ಹೈಸ್ಕೂಲಿಗೆ ಇಬ್ರೂ ಹೆಸರು ಹಚ್ಚಿದ್ವಿ. ಹದಿನೈದು ದಿನ ಈ ಹಳ್ಳ ದಾಟಿ ನಡಕೊಂತ ಹೋದ್ವಿ. ಆಮ್ಯಾಲ ನಿಮ್ಮಪ್ಪ ನಿನ್ನ ಸಾಲಿ ಬಿಡಿಸಿದ."

"ಹೌದು. ಸಣ್ಣ ತಮ್ಮನ್ನ ಹಿಡಿಯೋರು ಇರಲಿಲ್ಲ."

"ಮರುದಿನ ನಮ್ಮವ್ವ ನನ್ನ ಪಾಟಿಚೀಲ ತಗದು ಜಂತಿಗೆ ಸಿಗಿಸಿದ್ಲು. ಹುಲಗಿ ಇಲ್ಲ, ಜೋಡಿ ಇಲ್ಲ, ನೀನೂ ಬ್ಯಾಡ ಅಂದ್ಲು."

ಹುಲಗಮ್ಮ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

"ನೀನೂ ಹೈಸ್ಕೂಲಿಗೆ ಬಂದಿದ್ದೇನು? ನನಗ ನೆನಪ ಇಲ್ಲಲ್ಲ ಯವ್ವ. ನೀ ಏಳನೇತಿಗೆ ಸಾಕು ಅಂತ ಬಿಟ್ಟಿ ಅನಕೊಂಡಿದ್ನಿ."

ಅಷ್ಟೇ. ಹೊಳಿಯಮ್ಮನಿಗೆ ಸಿಟ್ಟು ಬರಲಿಲ್ಲ. ಯಾರ ಜೊತೆಗಾಗಿ ತನ್ನ ಓದು ನಿಂತಿತೋ ಅವಳಿಗೆ ಆ ಮಾತು ನೆನಪೇ ಇಲ್ಲ. ನೆನಪಿಟ್ಟುಕೊಳ್ಳಬೇಕಾದ ಕಾರಣವೂ ಅವಳಿಗಿರಲಿಲ್ಲ. ಆ ಹದಿನೈದು ದಿನದ ದಾರಿ, ಹೊಸ ಪುಸ್ತಕದ ವಾಸನೆ, ಜಂತಿಯಲ್ಲಿ ಧೂಳು ಹಿಡಿದ ಚೀಲ ಎಲ್ಲವೂ ಇಷ್ಟು ವರ್ಷ ಹೊಳಿಯಮ್ಮನ ಒಬ್ಬಳ ತಲೆಯಲ್ಲೇ ಇದ್ದವು. ಇನ್ನು ಮೂವತ್ತು ವರ್ಷಕ್ಕೆ ಸುಮಂಗಲಾ ದೊಡ್ಡ ನೌಕರಿಯಲ್ಲಿರಬಹುದು, ಒಳ್ಳೆಯ ಮನೆಯಲ್ಲಿರಬಹುದು. ನನ್ನ ಸಲುವಾಗಿ ಸುಕನ್ಯಾ ಗಣಿತ ಬಿಟ್ಟಳು ಎಂದು ಅವಳಿಗೂ ನೆನಪಿರುವುದಿಲ್ಲ.

ಮನೆಗೆ ಬಂದವಳೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಖರೇ ಹೇಳು. ಹೆಸರು ಹಚ್ಚೋ ಮುಂದ ನಿನಗ ಏನು ಬೇಕಾಗಿತ್ತು?"

ಸುಕನ್ಯಾ ತಾಯಿಯ ಸೆರಗಿನ ಕಡೆ ನೋಡುತ್ತ ಕೂತಳು. ಬಹಳ ಹೊತ್ತಿನ ಮೇಲೆ "ಸೈನ್ಸ್" ಎಂದಳು.

"ಆಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲವ್ವ. ಜೋಡಿ ಬಿಡಬ್ಯಾಡ ಅಂದಿ."

ಬುಧವಾರ ಹೊಳಿಯಮ್ಮ ಜೊತೆಗಾರ್ತಿಗೆ ಅಡುಗೆ ಒಪ್ಪಿಸಿ, ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋದಳು. ಶರಣಬಸವ ಸರ್ ಯಲಬುರ್ಗಾ ಕಡೆಯವರು, ನಿಧಾನ ಮಾತಿನ ಮನುಷ್ಯ. ಮಾರ್ಕ್ಸ್ ಕಾರ್ಡನ್ನು ಎರಡು ಸಲ ನೋಡಿದರು.

"ಬದಲಿ ಮಾಡಿ ಕೊಡ್ತೀವಿ. ಪ್ರಿನ್ಸಿಪಾಲರಿಗೆ ಹೇಳೀನಿ. ಆದ್ರ ಒಂದ್ ಮಾತು ಮೊದಲ ಹೇಳ್ತೀನ್ರಿ ತಾಯಿ. ಪಾಠ ಇಂಗ್ಲೀಷಿನ್ಯಾಗ ಇರ್ತಾವು. ಮೊದಲ ಟೆಸ್ಟಿನ್ಯಾಗ ಈ ಹುಡುಗಿ ಅಳ್ತಾಳ."

"ಕನ್ನಡ ಸಾಲ್ಯಾಗ ಓದ್ಯಾಳ್ರಿ. ಆಗ್ತೈತೇನ್ರಿ?"

"ನಾನೂ ಕನ್ನಡ ಸಾಲ್ಯಾವನ ರಿ. ಮೊದಲ ಆರು ತಿಂಗಳು ಕ್ಲಾಸಿನ್ಯಾಗ ಕುಂತು ಕಿಟಕಿ ನೋಡೀನಿ. ಲೆಕ್ಕ ಅಕಿಗೆ ಬರ್ತೈತಿ, ಹೆಸರಷ್ಟ ಹೊಸವು. ಒಂದು ನೋಟ್‌ಬುಕ್ ಮಾಡವ್ವ. ಒಂದು ಕಡೆ ಇಂಗ್ಲೀಷ್ ಶಬ್ದ, ಒಂದು ಕಡೆ ಕನ್ನಡ. ದಿನಾ ಹತ್ತು ಬರಿ. ತಿಳೀದಿದ್ರ ಕನ್ನಡದಾಗ ಕೇಳು, ನಾ ಏನು ಬಾಯಿ ಮುಚ್ಕೊಂಡು ಕುಂದರಂಗಿಲ್ಲ."

ಆಮೇಲೆ ಫಾರ್ಮು ಎಳೆದುಕೊಂಡು ಕೇಳಿದರು. "ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಜೊತಿಗೆ ಜೀವಶಾಸ್ತ್ರ. ನಾಕೂ ತಗೊಂತಿಯೇನು? ಭಾರ ಆಗ್ತೈತಿ. ಆದ್ರ ನಾಳೆ ಮನಸ್ಸು ಬದಲಾದ್ರ ಕೃಷಿ ಕಾಲೇಜು, ಡಾಕ್ಟರಕಿ ಎಲ್ಲಾ ಕಡೆ ಅರ್ಜಿ ಹಾಕಾಕ ಬರ್ತೈತಿ."

"ತಗೊಂತೀನ್ರಿ ಸರ್," ಎಂದಳು ಸುಕನ್ಯಾ. ಆ ವಾರದಲ್ಲಿ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ದಾರಿ ಹೆದರಿಕಿ ಇದ್ರ ಹೆಣ್ಮಕ್ಕಳ ಸರಕಾರಿ ಹಾಸ್ಟೆಲ್ ಐತ್ರಿ. ಅರ್ಜಿ ಹಾಕಿದ್ರ—"

"ಹಾಸ್ಟೆಲ್ ಬ್ಯಾಡ್ರಿ," ಎಂದಳು ಹೊಳಿಯಮ್ಮ, ಸರ್ ಮಾತು ಮುಗಿಸುವ ಮೊದಲೇ.

ಅಂದ ಮೇಲೆ ತನಗೇ ನಾಚಿಕೆಯಾಯಿತು. ಇಷ್ಟು ದಿನ ಜೋಡಿ, ಜೋಡಿ ಎಂದದ್ದು ಬರೀ ಮಗಳ ಸಲುವಾಗಿಯೇ? ಹಾಸ್ಟೆಲ್ಲಿನಲ್ಲಿ ಹುಡುಗಿಗೆ ಹತ್ತು ಜನ ಇರುತ್ತಾರೆ. ಖಾಲಿಯಾಗುವುದು ಮನೆ. ಆಕೆ ಮಗಳ ಕಡೆ ತಿರುಗಿ, "ನೀ ಹೇಳು ತಂಗಿ," ಎಂದಳು.

"ಈ ವರ್ಷ ಬಸ್ಸಿಗೆ ಬರ್ತೀನಿ," ಎಂದಳು ಸುಕನ್ಯಾ ತಾಯಿಯ ಮುಖ ನೋಡದೆ. "ಮುಂದಿನ ವರ್ಷ ಹಾಸ್ಟೆಲ್ ಕೇಳೂಣು."

ಹೊಳಿಯಮ್ಮ ತಲೆಯಾಡಿಸಿದಳು. ಫಾರ್ಮಿಗೆ ಸಹಿ ಮಾಡಿದಳು.

ಮರುದಿನದಿಂದ ಆಕೆ ದಿನಾ ಸಂಜೆ ಕ್ರಾಸಿಗೆ ಹೋಗಿ ನಿಲ್ಲತೊಡಗಿದಳು. ಶಾಲೆಯ ಕೆಲಸ ಮೂರಕ್ಕೆ ಮುಗಿಯುತ್ತಿತ್ತು. ಮನೆಯಲ್ಲಿ ಒಲೆ ಸರಿಮಾಡಿ ಐದೂಕಾಲಿಗೆ ಹೊರಟರೆ ಬಸ್ಸು ಬರುವ ಹೊತ್ತಿಗೆ ಸರಿಹೋಗುತ್ತಿತ್ತು. ಬೇವಿನ ಗಿಡದ ಕೆಳಗೆ ಒಂದು ಕಲ್ಲಿತ್ತು. ಅದರ ಮೇಲೆ ಕೂರುತ್ತಿದ್ದಳು. ಲಾರಿಗಳು ಹೋಗುತ್ತಿದ್ದವು. ಬಸ್ಸು ಬಂದರೆ ಇಳಿಯುತ್ತಿದ್ದುದು ಒಬ್ಬಳೇ. ಸೈನ್ಸಿನ ಬೇರೆ ಇಬ್ಬರು ಹುಡುಗಿಯರು ಹಿಂದಿನ ಸ್ಟಾಪಿನಲ್ಲೇ ಇಳಿದು ಹೋಗಿರುತ್ತಿದ್ದರು.

ಪಂಚಮಿ ಹಬ್ಬ ಬಂತು. ಹುಲಗಮ್ಮನ ಮನೆಯ ಮುಂದಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ನಾಲ್ಕೂ ಹುಡುಗಿಯರು ಜೀಕುತ್ತ ಕೂಗುವುದು ಈ ಮನೆಗೆ ಕೇಳುತ್ತಿತ್ತು. ಸುಕನ್ಯಾ ಹೊಸ್ತಿಲ ಹತ್ತಿರ ಕೂತು ಪ್ರಯೋಗದ ರೆಕಾರ್ಡ್ ಬರೆಯುತ್ತಿದ್ದಳು. "ಹೋಗಿ ಒಂದೀಟು ಜೀಕಿ ಬಾ," ಎಂದಳು ಹೊಳಿಯಮ್ಮ. ಸುಕನ್ಯಾ ಹೋದಳು, ಸ್ವಲ್ಪ ಹೊತ್ತಿಗೇ ತಿರುಗಿ ಬಂದಳು. "ಅವರು ಯಾವುದೋ ಹುಡುಗಿ ಸುದ್ದಿ ಹೇಳಿ ನಗಾಕತ್ಯಾರವ್ವ. ನನಗ ಆ ಹುಡುಗಿ ಯಾರಂತ ಗೊತ್ತಿಲ್ಲ," ಎಂದು ಮತ್ತೆ ಪೆನ್ನು ಹಿಡಿದಳು. ಹೊಳಿಯಮ್ಮ ತಂಬಿಟ್ಟಿನ ಉಂಡೆಯೊಂದನ್ನು ಮಗಳ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಹಬ್ಬದ ಮೇಲೆ ಮೊದಲ ಟೆಸ್ಟಿನ ಫಲ ಬಂತು. ಆ ಸಂಜೆ ಸುಕನ್ಯಾ ಬಸ್ಸಿನಿಂದ ಇಳಿದು ತಲೆ ತಗ್ಗಿಸಿ ನಡೆದಳು.

"ಎಷ್ಟು ಬಂದಾವು?"

"ಫಿಸಿಕ್ಸಿಗೆ ಹನ್ನೊಂದು."

"ಎಷ್ಟಕ್ಕ?"

"ನಲವತ್ತಕ್ಕ."

"ಸುಮಂಗಲಾಗ ಇತಿಹಾಸಕ್ಕ ಮೂವತ್ತಾರು ಬಂದಾವಂತ," ಎಂದಳು ಹೊಳಿಯಮ್ಮ. ಅನ್ನಬಾರದಿತ್ತು ಎಂದು ಅಂದ ಕೂಡಲೇ ಅನಿಸಿತು. "ಹೋಗ್ಲಿ ಬಿಡು. ಭಾಳ ಕಠಿಣ ಆದ್ರ ಹೇಳು. ಸರ್‌ನ ಕೈಕಾಲು ಹಿಡದು ವಾಪಸ್ ಕೇಳ್ತೀನಿ."

ಸುಕನ್ಯಾ ನಿಂತಳು. "ಅಲ್ಲಿ ಇದ್ರ ನನಗೂ ಮೂವತ್ತಾರು ಬರ್ತಿದ್ವವ್ವ. ಆದ್ರ ದಿನಾ ಬ್ಯಾಸರ ಆಗ್ತಿತ್ತು. ಇಲ್ಲಿ ಹನ್ನೊಂದು ಬಂದಾವು. ಅಳು ಬರ್ತೈತಿ, ಬ್ಯಾಸರ ಇಲ್ಲ."

ಹೊಳಿಯಮ್ಮ ಮಗಳ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ಹಂಗಾರ ಅಳು. ಊರು ಇನ್ನೂ ದೂರ ಐತಿ. ಇಲ್ಲಿ ಯಾರೂ ಇಲ್ಲ."

ಹಳ್ಳದ ತನಕ ಸುಕನ್ಯಾ ಅತ್ತಳು. ಹಳ್ಳದ ನೀರಲ್ಲಿ ಮುಖ ತೊಳೆದುಕೊಂಡಳು. ಊರು ಬರುವಷ್ಟರಲ್ಲಿ ಆ ದಿನದ ಹತ್ತು ಇಂಗ್ಲೀಷ್ ಶಬ್ದಗಳನ್ನು ತಾಯಿಗೆ ಒಪ್ಪಿಸುತ್ತಿದ್ದಳು. ಹೊಳಿಯಮ್ಮನಿಗೆ ಒಂದೂ ತಿಳಿಯಲಿಲ್ಲ. ಆದರೂ ಒಂದೊಂದಕ್ಕೂ ಹೂಂ ಎಂದಳು. ಎರಡನೇ ಟೆಸ್ಟಿ‌ಗೆ ಹತ್ತೊಂಬತ್ತು ಬಂತು. ಮೂರನೆಯದಕ್ಕೆ ಇಪ್ಪತ್ತಾರು.

ಮಾಗಿಯಲ್ಲಿ ಒಂದು ದಿನ ಹೊಳಿಯಮ್ಮನಿಗೆ ಜ್ವರ ಬಂದು ಏಳಲಾಗಲಿಲ್ಲ. ಐದು ಗಂಟೆಯಿಂದ ಚಡಪಡಿಸುತ್ತ ಮಲಗಿದ್ದಳು. ಏಳು ಗಂಟೆ ದಾಟಿದ ಮೇಲೆ ಬಾಗಿಲಲ್ಲಿ ಎರಡು ಜನರ ಸಪ್ಪಳ ಕೇಳಿಸಿತು. ಸುಕನ್ಯಾಳ ಹಿಂದೆ ಹುಲಗಮ್ಮ ನಿಂತಿದ್ದಳು, ತಲೆಗೆ ಸೆರಗು ಹೊದ್ದು, ಕೈಯಲ್ಲಿ ಬ್ಯಾಟರಿ ಹಿಡಿದು.

"ನೀ ಇವತ್ತು ಹೊರಗ ಕಾಣಲಿಲ್ಲ. ಅದಕ ನಾನ ಹೋದ್ನಿ," ಎಂದಳು ಹುಲಗಮ್ಮ. ಒಳಗೆ ಬಂದು ಹಣೆ ಮುಟ್ಟಿ ನೋಡಿ ಪಕ್ಕದಲ್ಲಿ ಕೂತಳು. "ಬಸ್ಸು ತಡ ಆತು. ಅಲ್ಲಿ ಮಾತಾಡಾಕ ಒಂದು ನರಪಿಳ್ಳಿ ಇಲ್ಲಲ್ಲ ಹೊಳಿ. ದಿನಾ ಹಿಂಗ ಒಬ್ಬಾಕಿನ ಕುಂದರ್ತಿಯೇನು?"

"ಕುಂದರ್ತೀನಿ."

ಹುಲಗಮ್ಮ ಅವಳ ಮೇಲೆ ಕಂಬಳಿ ಎಳೆಯುತ್ತ, "ನನ್ನ ಸಣ್ಣ ಮಗಳು ಒಂಬತ್ತನೇತಿ ಅದಾಳ. ಅಕಿಗೂ ಈ ಗಣಿತದ ಹುಚ್ಚು ಐತಿ. ಗೌತಮನ್ನ ಕೇಳಿ ನೋಡಬೇಕು," ಎಂದಳು. "ಇನ್ ಮ್ಯಾಲ ಗುರುವಾರ, ಶುಕ್ರವಾರ ನಾ ಹೋಗ್ತೀನಿ ಕ್ರಾಸಿಗೆ. ನೀ ಮಲಕೋ."

ಈ ಕಥೆ ಓದಿದ, ಓದಿಸಿ ಕೇಳಿದ ತಾಯಂದಿರೇ, ತಂದೆಯರೇ. ಸುಕನ್ಯಾ ಇಂಜಿನಿಯರ್ ಆಗುತ್ತಾಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ಅರ್ಜಿಯಲ್ಲಿ ಆಕೆಯ ಬಾಕ್ಸು ಖಾಲಿ ಇರುವುದಿಲ್ಲ. ಹತ್ತನೇತಿ ಆದ ಮೇಲೆ ಯಾವ ವಿಷಯ ತೆಗೆದುಕೊಳ್ಳಬೇಕು ಎಂಬುದು ಸಣ್ಣ ಮಾತಲ್ಲ. ಮುಂದೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಬೇಕೆಂದರೆ ಅದಕ್ಕೆ ಯಾವ ವಿಷಯ ಓದಿರಬೇಕು ಎಂದು ಮೊದಲೇ ವಿಚಾರಿಸಿರಿ, ಆಮೇಲೆ ಹೆಸರು ಹಚ್ಚಿರಿ. ಶಾಲೆಯ ಗುರುಗಳನ್ನು ಕೇಳಿರಿ, ಕಾಲೇಜಿನವರನ್ನು ಕೇಳಿರಿ, ಓದಿದ ಹುಡುಗರನ್ನು ಕೇಳಿರಿ. ತಪ್ಪಾಗಿ ಹಚ್ಚಿದ್ದರೆ ಮೊದಲ ದಿನಗಳಲ್ಲೇ ಬದಲಿ ಕೇಳಿರಿ, ತಡ ಮಾಡಬೇಡಿರಿ. ಜಾತಿ, ಆದಾಯ, 371ಜೆ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿರಿ. ಕಠಿಣ ವಿಷಯವೆಂದು, ಇಂಗ್ಲೀಷೆಂದು ಹೆದರಬೇಡಿರಿ. ಮೊದಲು ಮಾರ್ಕ್ಸು ಬಿದ್ದರೆ ಮಗುವನ್ನು ಬೈಯಬೇಡಿರಿ. ದಾರಿ ದೂರವಿದ್ದರೆ ಅದಕ್ಕೆ ಹಾಸ್ಟೆಲ್ ಇದೆ, ಬಸ್ಸಿದೆ, ಸರದಿಯಲ್ಲಿ ಹೋಗಿ ನಿಲ್ಲುವ ನೆರೆಹೊರೆಯವರಿದ್ದಾರೆ. ಬಸ್ಸಿನ ಹೊತ್ತು ನೋಡಿ ಮಗುವಿನ ಓದು ಆರಿಸಬೇಡಿರಿ.

ಫಾರ್ಮು ತುಂಬುವ ಹಿಂದಿನ ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನಗೇನು ಬೇಕು ಎಂದು ಕೇಳಿರಿ. ಕೇಳಿ, ಅದು ಬಾಯಿ ಬಿಡುವ ತನಕ ನೀವು ಸುಮ್ಮನೆ ಕೂತಿರಿ.